ಹೂಳೆತ್ತುವ ಮೊದಲು ಊರೇ ಸೇರಿ ಕೆರೆಯ ಚಿತ್ರ ಬರೆಯಿರಿ

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆಯೆಂದು ಲೆಕ್ಕ. ಅವುಗಳಲ್ಲಿ ಅನೇಕ ಕೆರೆಗಳು ಹೂಳು ತುಂಬಿ, ತೂಬು ಸೋರಿ, ಕೋಡಿ ಕಿತ್ತುಹೋಗಿ ನಿಂತಿವೆ. ಬೇಸಿಗೆ ಬಂದರೆ ಹೂಳೆತ್ತುವ ಮಾತು ಏಳುತ್ತದೆ. ಹಣ ಮಂಜೂರಾಗುತ್ತದೆ, ಜೆ.ಸಿ.ಬಿ. ಬರುತ್ತದೆ. ಆದರೂ ಕೆಲವು ಊರುಗಳಲ್ಲಿ ಎರಡು ಮಳೆಗಾಲ ಕಳೆಯುವುದರೊಳಗೆ ಅದೇ ಹೂಳು, ಅದೇ ನೀರಿನ ಜಗಳ. ಕೆಲಸ ಮಾಡುವ ಮೊದಲು ಕೆರೆಯನ್ನು ಎಲ್ಲರೂ ಕೂಡಿ ಒಮ್ಮೆ ಪೂರ್ತಿಯಾಗಿ ನೋಡದಿರುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಹಾಗೆ ನೋಡುವುದಕ್ಕೆ ಖರ್ಚಿಲ್ಲದ ಒಂದು ಉಪಾಯವಿದೆ. ಅದೇ ನೆಲದ ಮೇಲೆ ಊರಿನವರೆಲ್ಲ ಸೇರಿ ಚಿತ್ರ ಬರೆಯುವುದು.

ಕೆರೆ ಒಂದು, ಬಯಕೆ ಹಲವು

ತೂಬಿನ ಹತ್ತಿರದ ಗದ್ದೆಯವರಿಗೆ ಭತ್ತಕ್ಕೆ ನೀರು ಬೇಕು. ಅಚ್ಚುಕಟ್ಟಿನ ಕೊನೆಯವರಿಗೆ ರಾಗಿಗೆ ಎರಡು ಸಲ ನೀರು ಸಿಕ್ಕಿದರೂ ಸಾಕು. ಮೀನಿನ ಗುತ್ತಿಗೆದಾರರಿಗೆ ಮೀನು ಬಲಿಯುವವರೆಗೆ ತೂಬು ಎತ್ತಬಾರದು. ಕೊಳವೆಬಾವಿಯವರಿಗೆ ನೀರು ಕೆರೆಯಲ್ಲೇ ನಿಂತು ಇಂಗಬೇಕು. ಕುರಿ, ದನ ಮೇಯಿಸುವವರಿಗೆ ಬೇಸಿಗೆಯಲ್ಲಿ ಗುಂಡಿಯ ನೀರಾದರೂ ಉಳಿಯಬೇಕು. ಕೆರೆಯಂಗಳವನ್ನು ಒತ್ತಿ ಉಳುತ್ತಿರುವವರಿಗೆ ಕೆರೆ ತುಂಬುವುದೇ ಬೇಡ. ಇವರೆಲ್ಲರೂ ಒಂದೇ ಊರಿನವರು. ಆದರೆ ಪ್ರತಿಯೊಬ್ಬರೂ ತಮ್ಮ ಭಾಗದ ಕೆರೆಯನ್ನು ಮಾತ್ರ ಬಲ್ಲರು. ಸಭೆ ಕರೆದರೆ ಗಟ್ಟಿ ದನಿಯವರ ಮಾತೇ ಠರಾವಾಗುತ್ತದೆ.

ಈ ಪದ್ಧತಿ ಎಲ್ಲಿಂದ ಬಂತು?

ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ಪೀಟರ್ ಚೆಕ್‌ಲ್ಯಾಂಡ್ ಮತ್ತು ಸಂಗಡಿಗರು 1970ರ ದಶಕದಲ್ಲಿ, ಹಲವರ ಹಿತ ಸಿಕ್ಕಿಕೊಂಡಿರುವ ಸಮಸ್ಯೆಗಳನ್ನು ಬಿಡಿಸಲು ಚಿತ್ರ ಬರೆಯುವ ಕ್ರಮವನ್ನು ಬಳಕೆಗೆ ತಂದರು. ಅದರಲ್ಲಿ ಜಾಗಗಳಷ್ಟೇ ಅಲ್ಲ, ಜನರ ಜಗಳ, ಭಯ, ಆಸೆಗಳನ್ನೂ ಗುರುತು ಮಾಡುತ್ತಾರೆ. ನಮ್ಮ ರಾಜ್ಯದಲ್ಲಿ 1990ರ ಸುಮಾರಿಗೆ ಮೈರಾಡ ಸಂಸ್ಥೆಯವರು ಹಳ್ಳಿಗಳಲ್ಲಿ ರೈತರಿಂದಲೇ ನೆಲದ ಮೇಲೆ ಊರಿನ ನಕ್ಷೆ ಬರೆಸಿದರು. 2001ರಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಯಲ್ಲೂ ಇಂಥ ನಕ್ಷೆಗಳು ಬಳಕೆಯಾದವು.

ಬರೆಯುವ ಕ್ರಮ

ಸುಗ್ಗಿ ಮುಗಿದ ಮೇಲೆ, ಹೂಳೆತ್ತುವ ಕೆಲಸಕ್ಕೆ ಅಂದಾಜುಪಟ್ಟಿ ತಯಾರಾಗುವ ಮೊದಲು ಒಂದು ದಿನ ಗೊತ್ತು ಮಾಡಿಕೊಳ್ಳಿ. ಅರಳಿಕಟ್ಟೆಯ ಮುಂದಿನ ಬಯಲು ಅಥವಾ ಶಾಲೆಯ ಅಂಗಳವಾದರೆ ಒಳ್ಳೆಯದು. ಎಲ್ಲ ಕೇರಿಯವರೂ ಸಂಕೋಚವಿಲ್ಲದೆ ಬರುವಂಥ ಜಾಗವಾಗಿರಬೇಕು.

ರಂಗೋಲಿ ಪುಡಿ, ಬೂದಿ, ಇಟ್ಟಿಗೆ ಪುಡಿ, ಇದ್ದಿಲು, ಬೇವಿನ ಸೊಪ್ಪು, ಹುಣಸೆಬೀಜ, ಕಲ್ಲು ಇವಿಷ್ಟಿದ್ದರೆ ಸಾಕು. ಮೊದಲು ಏರಿಯನ್ನು ಎಳೆಯಿರಿ. ಅನಂತರ ತೂಬು, ಕೋಡಿ, ಕೆರೆಯಂಗಳ, ನೀರು ಬರುವ ಹಳ್ಳ ಮತ್ತು ರಾಜಕಾಲುವೆ, ಕೆಳಗಿನ ಅಚ್ಚುಕಟ್ಟು, ಸುತ್ತಲಿನ ಕೊಳವೆಬಾವಿಗಳು. ಆಮೇಲೆ ಜನರನ್ನು ಸೇರಿಸಿ: ಯಾರು ಎಲ್ಲಿ ನೀರು ಮುಟ್ಟುತ್ತಾರೋ ಅಲ್ಲಿ ಒಂದು ಕಲ್ಲು. ತಂಟೆ ಇರುವಲ್ಲಿ ಇಟ್ಟಿಗೆ ಪುಡಿಯ ಕೆಂಪು ಗೆರೆ. ನೀರು ಎಷ್ಟು ತಿಂಗಳು ನಿಲ್ಲುತ್ತದೆಯೋ ಅಷ್ಟು ಹುಣಸೆಬೀಜ.

ಹೆಂಗಸರು, ಕೊನೆಭಾಗದ ರೈತರು, ಕುರಿ ಕಾಯುವವರು ಮೊದಲು ಬೇರೆ ಬೇರೆ ಗುಂಪಾಗಿ ಬರೆದು, ಅನಂತರ ಚಿತ್ರಗಳನ್ನು ಒಂದುಗೂಡಿಸುವುದು ಮೇಲು. ಒಟ್ಟಿಗೆ ಕುಳಿತರೆ ಹಿರಿಯ ಜಮೀನುದಾರರ ಎದುರು ಉಳಿದವರು ಬಾಯಿ ಬಿಡಲಾರರು. ಅಧಿಕಾರಿಗಳು, ಪಂಚಾಯಿತಿ ಸದಸ್ಯರು ಆ ಹೊತ್ತಿನಲ್ಲಿ ಸುಣ್ಣದ ಪುಡಿ ಕೈಗೆ ತೆಗೆದುಕೊಳ್ಳಬಾರದು, ಕೇಳಿಸಿಕೊಳ್ಳಬೇಕು. ಚಿತ್ರ ಅಂದವಾಗಿರಬೇಕಿಲ್ಲ. ಗೆರೆ ತಪ್ಪಿದರೆ ಕೈಯಿಂದ ಅಳಿಸಿ ಮತ್ತೆ ಬರೆಯಬಹುದು. ಅಕ್ಷರ ಬಾರದವರೂ ತಿದ್ದಬಲ್ಲರು, ಇದೇ ನೆಲದ ಚಿತ್ರದ ದೊಡ್ಡ ಗುಣ.

ಚಿತ್ರವನ್ನು ಓದುವುದು ಹೇಗೆ?

ಉದಾಹರಣೆಗೆ, ಕೊನೆಭಾಗದ ಗದ್ದೆಗೆ ನೀರು ಬರುತ್ತಿಲ್ಲವೆಂದು ಊರೆಲ್ಲ ನೀರಗಂಟಿಯನ್ನು ದೂರುತ್ತಿದೆ ಎನ್ನಿ. ಚಿತ್ರದಲ್ಲಿ ಕೆಂಪು ಗೆರೆಗಳು ತೂಬಿನ ಬಳಿಯೇ ಬೀಳುತ್ತವೆ. ಆದರೆ ಮೇಲಕ್ಕೆ ನೋಡುತ್ತ ಹೋದರೆ ರಾಜಕಾಲುವೆ ಎರಡು ಕಡೆ ಮುಚ್ಚಿದೆ, ಕೋಡಿಯ ಕಲ್ಲು ಕಿತ್ತು ನೀರು ಅರ್ಧಕ್ಕೇ ಹರಿದು ಹೋಗುತ್ತಿದೆ. ಕೋಡಿ ದುರಸ್ತಿಯಾದರೆ ಒತ್ತುವರಿಯ ಹೊಲ ಮುಳುಗುತ್ತದೆ, ಆದ್ದರಿಂದ ದುರಸ್ತಿಯ ಮಾತನ್ನು ಯಾರೂ ಎತ್ತುತ್ತಿಲ್ಲ. ಕೆರೆಗೆ ಬಾರದ ನೀರನ್ನು ನೀರಗಂಟಿ ಹಂಚುವುದಾದರೂ ಹೇಗೆ? ಜಗಳ ಕಾಣುವುದು ಕೆಳಗೆ, ಅದರ ಬೇರು ಮೇಲೆ. ಬಾಯಿಮಾತಿನಲ್ಲಿ ಹತ್ತು ಸಭೆಗೂ ಹೊರಬೀಳದ ಈ ಸಂಗತಿ ಚಿತ್ರದಲ್ಲಿ ಎದ್ದು ಕಾಣುತ್ತದೆ. ಯಾರೂ ಯಾರನ್ನೂ ಬೊಟ್ಟು ಮಾಡಿ ಹೇಳಬೇಕಿಲ್ಲ, ಎಲ್ಲರ ಕಣ್ಣೂ ನೆಲದ ಮೇಲಿರುತ್ತದೆ.

ಹೂಳಿನ ಲೆಕ್ಕವನ್ನೂ ಅಲ್ಲಿಯೇ ಹಾಕಿರಿ. ಒಂದು ಎಕರೆ ಅಂಗಳದಲ್ಲಿ ಒಂದು ಅಡಿ ಹೂಳು ತೆಗೆದರೆ ಸುಮಾರು 12 ಲಕ್ಷ ಲೀಟರ್ ನೀರಿಗೆ ಜಾಗವಾಗುತ್ತದೆ. ಟ್ರೇಲರಿಗೆ 3 ಘನ ಮೀಟರ್‌ನಂತೆ ಸುಮಾರು 400 ಲೋಡು ಮಣ್ಣು. ಈ ಗೋಡು ಯಾರ ಹೊಲಕ್ಕೆ, ಎಷ್ಟು ಲೋಡು, ಬಂಡಿ ಮಾತ್ರ ಇರುವ ಸಣ್ಣ ರೈತರಿಗೆ ಎಷ್ಟು ಎಂಬುದು ಮೊದಲೇ ತೀರ್ಮಾನವಾಗಲಿ. ಏರಿಯ ಬುಡದಲ್ಲಿ ಅಗೆದರೆ ಏರಿ ಸಡಿಲವಾಗುತ್ತದೆ. ಆದುದರಿಂದ ಅಗೆಯಬಾರದ ಜಾಗವನ್ನು ಬೂದಿಯಿಂದ ಗುರುತಿಸಿರಿ.

ಎಚ್ಚರ ವಹಿಸಬೇಕಾದ ಅಂಶಗಳು

ಬರೆಯಲು ಬಾರದವರು ಚಿತ್ರದಲ್ಲೂ ಇರುವುದಿಲ್ಲ. ಚಿತ್ರ ಮುಗಿದ ಮೇಲೆ "ಇಲ್ಲಿ ಯಾರು ಇಲ್ಲ?" ಎಂದು ಕೇಳಿರಿ. ಕೂಲಿಗೆ ಹೋದವರು, ಕೆರೆಗೆ ನೀರು ಕೊಡುವ ಮೇಲಿನ ಊರಿನವರು ಬಿಟ್ಟುಹೋಗಿದ್ದರೆ ಅವರನ್ನು ಕರೆದು ಇನ್ನೊಮ್ಮೆ ಕುಳಿತುಕೊಳ್ಳಿರಿ. ಚಿತ್ರ ಗಡಿಯ ದಾಖಲೆಯಲ್ಲ. ಒತ್ತುವರಿಯ ಪ್ರಶ್ನೆ ಬಂದರೆ ಸರ್ವೆ ಇಲಾಖೆಯ ಗ್ರಾಮ ನಕಾಶೆಯೊಂದಿಗೆ ತಾಳೆ ನೋಡಿ, ಅಳತೆ ಮಾಡಿಸಬೇಕು.

ಚಿತ್ರವಾದ ಮೇಲೆ

ಮಳೆ ಗಾಳಿಗೆ ಅಳಿಯುವ ಮೊದಲೇ ಓದು ಬರಹ ಬಲ್ಲ ಯುವಕ ಯುವತಿಯರು ಅದನ್ನು ದೊಡ್ಡ ಕಾಗದಕ್ಕೆ ಇಳಿಸಲಿ. ಒಂದು ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರಲಿ. ಮೊದಲು ಯಾವ ಕೆಲಸ, ಆಮೇಲೆ ಯಾವುದು ಎಂದು ಗ್ರಾಮಸಭೆಯಲ್ಲಿ ಅದನ್ನು ಮುಂದಿಟ್ಟುಕೊಂಡೇ ಬರೆಸಿರಿ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಯಾದರೆ ಸಣ್ಣ ನೀರಾವರಿ ಇಲಾಖೆಗೂ ಒಂದು ಪ್ರತಿ ಕೊಡಿರಿ. ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಬರೆದರೆ ಎಷ್ಟು ಕೆಂಪು ಗೆರೆ ಅಳಿಯಿತು, ಎಷ್ಟು ಉಳಿಯಿತು ಎಂಬುದು ನಿಮಗೇ ತಿಳಿಯುತ್ತದೆ.

ಆಸಕ್ತಿಯುಳ್ಳ ರೈತ ಬಾಂಧವರು ಹೆಚ್ಚಿನ ಮಾಹಿತಿಗೆ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.