ಅಂಕಣದ ಹೊರಗಿನ ಆಟಗಾರ: ಮಾಧ್ಯಮದ ಚಿತ್ರವೂ ಖಾತೆಯ ಲೆಕ್ಕವೂ

ಅಡಿಕೆ ಕೊಯ್ಲು ಮುಗಿದು ಅಂಗಳದ ಚಪ್ಪರ ಬರಿದಾಗುವ ಹೊತ್ತಿಗೆ ಹೊಸನಗರ, ಸಾಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳ ಸಂಭ್ರಮ ಆರಂಭವಾಗುತ್ತದೆ. ಸಂಘಟಕರು ರಸೀದಿ ಪುಸ್ತಕ ಹಿಡಿದು ಮೊದಲು ಬರುವುದು ವರ್ತಕರ ಅಂಗಡಿಗೆ ಹಾಗೂ ಸಣ್ಣ ಉದ್ದಿಮೆದಾರರ ಕಾರ್ಖಾನೆಗೆ. ನಾವು ಕೊಡುತ್ತೇವೆ, ಮೈದಾನದ ಬದಿಯ ಬ್ಯಾನರಿನಲ್ಲಿ ನಮ್ಮ ಹೆಸರೂ ಇರುತ್ತದೆ. ಅದೇ ಬ್ಯಾನರಿನ ಮೇಲ್ಭಾಗದಲ್ಲಿ ದೂರದ ಯಾವನೋ ಪ್ರಖ್ಯಾತ ಆಟಗಾರನ ನಗುಮುಖ. ಆ ಮುಖದ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಪತ್ರಿಕೆ ಮತ್ತು ದೂರದರ್ಶನಗಳು ಹೇಳಿದ್ದು ಮಾತ್ರ.

ಆಟಗಾರನು ಅಂಕಣದಲ್ಲಿ ಏನು ಮಾಡಿದನೆಂಬುದಕ್ಕೆ ಸಾವಿರಾರು ಕಣ್ಣುಗಳ ಸಾಕ್ಷ್ಯವಿರುತ್ತದೆ. ಅಂಕಣದ ಹೊರಗೆ ಹೇಗೆ ಬದುಕಿದನೆಂಬುದಕ್ಕೆ ಮಾಧ್ಯಮವೊಂದೇ ಸಾಕ್ಷಿ. ಆ ಸಾಕ್ಷ್ಯವನ್ನು ನಂಬಿಯೇ ನಾವು ಜಾಹೀರಾತಿಗೆ ಮುಖ ಆರಿಸುತ್ತೇವೆ, ಪ್ರಾಯೋಜಕತ್ವಕ್ಕೆ ಹಣ ಹೂಡುತ್ತೇವೆ, ಮಕ್ಕಳ ಭವಿಷ್ಯವನ್ನೂ ಚಿಂತಿಸುತ್ತೇವೆ. ಆದಕಾರಣ ವ್ಯಾಪಾರಸ್ಥರು ಈ ಚಿತ್ರವನ್ನು ಒಂದು ಲೆಕ್ಕಪತ್ರವನ್ನು ಪರಿಶೀಲಿಸುವಂತೆ ಪರಿಶೀಲಿಸುವುದು ಅವಶ್ಯ.

ವೈಭವದ ಕಥೆ, ಪತನದ ಕಥೆ

ವೃತ್ತಿಪರ ಕ್ರೀಡೆಯ ಬಗ್ಗೆ ಮಾಧ್ಯಮವು ಹೆಚ್ಚಾಗಿ ಎರಡು ಕಥೆಗಳನ್ನು ಹೇಳುತ್ತದೆ. ಮೊದಲನೆಯದು ಅರಮನೆಯಂತಹ ಮನೆ, ಸಾಲು ಕಾರು, ಕೋಟಿಗಟ್ಟಲೆ ಒಪ್ಪಂದ. ಎರಡನೆಯದು ಅದೇ ಆಟಗಾರ ಎಲ್ಲವನ್ನೂ ಕಳೆದುಕೊಂಡು ಬೀದಿಗೆ ಬಿದ್ದ ಕಥೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಈ ಎರಡೂ ಕಥೆಗಳಿಗೆ ದೊಡ್ಡ ಕಣಜ.

ಆಂಟೊಯಿನ್ ವಾಕರ್ ಎಂಬ ಆಟಗಾರನ ಉದಾಹರಣೆ ನೋಡೋಣ. 1996ರಲ್ಲಿ ಬೋಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಆಯ್ಕೆಯಾದ ಈತ 2006ರಲ್ಲಿ ಚಾಂಪಿಯನ್ ಆದ ಮಯಾಮಿ ಹೀಟ್ ತಂಡದ ಸದಸ್ಯ. ವೃತ್ತಿಜೀವನದಲ್ಲಿ ಗಳಿಸಿದ್ದು 10.8 ಕೋಟಿ ಡಾಲರಿಗೂ ಹೆಚ್ಚು. ಆದರೆ 2010ರ ಮೇ ತಿಂಗಳಲ್ಲಿ ಈತ ದಿವಾಳಿ ಅರ್ಜಿ ಸಲ್ಲಿಸಿದ. ಆಗ ತೋರಿಸಿದ ಆಸ್ತಿ ಸುಮಾರು 43 ಲಕ್ಷ ಡಾಲರ್, ಸಾಲ ಸುಮಾರು 1.27 ಕೋಟಿ ಡಾಲರ್. ಮಾಧ್ಯಮಗಳು ಕಾರು, ಕೈಗಡಿಯಾರ, ಜೂಜು, ಸುತ್ತಲಿನ ಸ್ನೇಹಿತರ ದಂಡು ಇವುಗಳನ್ನು ವರ್ಣರಂಜಿತವಾಗಿ ಬರೆದವು. ಇವು ಸುಳ್ಳಲ್ಲ. ಆದರೆ ಪೆಟ್ಟು ಕೊಟ್ಟ ಒಂದು ಮುಖ್ಯ ಕಾರಣ ಚಿತ್ರಕ್ಕೆ ಒಗ್ಗದಂಥದ್ದು. ಶಿಕಾಗೋ ನಗರದಲ್ಲಿ ಮನೆ-ಕಟ್ಟಡಗಳ ಉದ್ಯಮಕ್ಕೆ ಈತನ ಸಂಸ್ಥೆಯು ಬ್ಯಾಂಕುಗಳಿಂದ ಸಾಲ ಎತ್ತಿತ್ತು; ಆ ಸಾಲಗಳಿಗೆ ಈತ ವೈಯಕ್ತಿಕ ಜಾಮೀನು ನಿಂತಿದ್ದ. 2008ರಲ್ಲಿ ಆಸ್ತಿಯ ಬೆಲೆ ಕುಸಿದಾಗ ಬ್ಯಾಂಕುಗಳು ಸಂಸ್ಥೆಯನ್ನು ದಾಟಿ ನೇರವಾಗಿ ಈತನ ಬಾಗಿಲಿಗೆ ಬಂದವು.

ಜಾಮೀನು ಪತ್ರದ ಛಾಯಾಚಿತ್ರವನ್ನು ಯಾವ ಪತ್ರಿಕೆಯೂ ಮುಖಪುಟದಲ್ಲಿ ಹಾಕುವುದಿಲ್ಲ. ಆದರೆ ನಮ್ಮ ಓದುಗರಿಗೆ ಈ ಕಥೆಯಲ್ಲಿ ನಿಜವಾದ ಪಾಠವಿರುವುದು ಅಲ್ಲಿಯೇ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡರೆ ಹೊಣೆ ಸೀಮಿತವೆಂದು ನೆಮ್ಮದಿಯಿಂದಿರುವ ಉದ್ದಿಮೆದಾರರು, ಅದೇ ಕಂಪನಿಯ ಸಾಲಕ್ಕೆ ನಿರ್ದೇಶಕರಾಗಿ ವೈಯಕ್ತಿಕ ಜಾಮೀನು ಸಹಿ ಮಾಡಿರುವುದನ್ನು ಮರೆತಿರುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳದ ಹೊರತು, ಮೂಲ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಕಂಪನಿಯ ದಿವಾಳಿ ಪ್ರಕ್ರಿಯೆಯಲ್ಲಿ ಪರಿಹಾರ ಯೋಜನೆ ಮಂಜೂರಾದ ಮಾತ್ರಕ್ಕೆ ವೈಯಕ್ತಿಕ ಜಾಮೀನುದಾರನು ತಾನಾಗಿಯೇ ಬಿಡುಗಡೆ ಹೊಂದುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2021ರ ಮೇ 21ರಂದು ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ವಾಕರನ ಕಾರುಗಳನ್ನು ನೋಡಿ ನಗುವ ಮುನ್ನ ನಮ್ಮ ಬೀರುವಿನಲ್ಲಿರುವ ಸಾಲಪತ್ರಗಳನ್ನೊಮ್ಮೆ ತೆಗೆದು ಓದುವುದು ಲೇಸು.

ಪತನದ ಕಥೆಯ ಅಂಕಿ-ಅಂಶಗಳಲ್ಲೂ ಎಚ್ಚರ ಬೇಕು. 2009ರಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯು, ನಿವೃತ್ತರಾದ ಐದು ವರ್ಷಗಳೊಳಗೆ ಎನ್‌ಬಿಎ ಆಟಗಾರರಲ್ಲಿ ಅಂದಾಜು ಶೇ. 60ರಷ್ಟು ಮಂದಿ ಬರಿಗೈಯಾಗುತ್ತಾರೆಂದು ಬರೆಯಿತು. ಅಮೆರಿಕನ್ ಫುಟ್‌ಬಾಲ್ ಆಟಗಾರರಲ್ಲಿ ಎರಡೇ ವರ್ಷಗಳಲ್ಲಿ ಶೇ. 78ರಷ್ಟು ಮಂದಿ ದಿವಾಳಿ ಅಥವಾ ಹಣದ ಮುಗ್ಗಟ್ಟಿಗೆ ಸಿಲುಕುತ್ತಾರೆಂದಿತು. ಈ ಅಂಕಿಗಳು ಜಗತ್ತೆಲ್ಲ ಸುತ್ತಿದವು. 2015ರಲ್ಲಿ ಅರ್ಥಶಾಸ್ತ್ರಜ್ಞರು ಫುಟ್‌ಬಾಲ್ ಆಟಗಾರರ ನ್ಯಾಯಾಲಯದ ದಾಖಲೆಗಳನ್ನೇ ಪರಿಶೀಲಿಸಿದಾಗ, ನಿವೃತ್ತಿಯ ಹನ್ನೆರಡು ವರ್ಷಗಳೊಳಗೆ ದಿವಾಳಿ ಅರ್ಜಿ ಸಲ್ಲಿಸಿದವರು ಶೇ. 15.7. ಮುಗ್ಗಟ್ಟು ಬೇರೆ, ದಿವಾಳಿ ಬೇರೆ ಎಂಬುದು ನಿಜ. ಎರಡು ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಅಂದಾಜಿಗೂ ದಾಖಲೆಗೂ ಇರುವ ಅಂತರ ಇದರಿಂದ ತಿಳಿಯುತ್ತದೆ. ಶೇ. 15.7 ಸಹ ಸಣ್ಣ ಪ್ರಮಾಣವಲ್ಲ. ಹೆಚ್ಚು ಗಳಿಸಿದವರೂ ಹೆಚ್ಚು ಕಾಲ ಆಡಿದವರೂ ಅದರಿಂದ ಸುರಕ್ಷಿತರಾಗಿರಲಿಲ್ಲವೆಂಬುದು ಆ ಅಧ್ಯಯನದ ಇನ್ನೊಂದು ಫಲಿತಾಂಶ.

ವಹಿವಾಟನ್ನು ಲಾಭವೆಂದು ತಿಳಿಯುವ ತಪ್ಪು

ಪತ್ರಿಕೆಗಳ ಶಿರೋನಾಮೆಯಲ್ಲಿ ಬರುವುದು ಒಟ್ಟು ಮೊತ್ತ. ನಮ್ಮ ಕೆ. ಎಲ್. ರಾಹುಲ್ ಅವರನ್ನು 2025ರ ಐಪಿಎಲ್ ಋತುವಿಗಾಗಿ ದೆಹಲಿ ತಂಡವು 14 ಕೋಟಿ ರೂಪಾಯಿಗೆ ಪಡೆಯಿತೆಂಬುದು ಎಲ್ಲರಿಗೂ ಗೊತ್ತು. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಮೇಲ್ತೆರಿಗೆ, ಸೆಸ್ ಸೇರಿ ಗರಿಷ್ಠ ದರ ಶೇ. 39 ಎಂಬುದನ್ನು ಕ್ರೀಡಾಪುಟ ಬರೆಯುವುದಿಲ್ಲ. ತರಬೇತುದಾರ, ವೈದ್ಯೋಪಚಾರ, ವ್ಯವಸ್ಥಾಪಕರ ಕಮಿಷನ್ ಇವೆಲ್ಲ ಬೇರೆ. ಅಮೆರಿಕದಲ್ಲಂತೂ ಆಟಗಾರನು ಯಾವ ರಾಜ್ಯದಲ್ಲಿ ಆಡುತ್ತಾನೋ ಆ ರಾಜ್ಯವೂ ತನ್ನ ಪಾಲಿನ ತೆರಿಗೆ ಕೇಳುತ್ತದೆ. 1991ರಲ್ಲಿ ಮೈಕೆಲ್ ಜೋರ್ಡನ್ ಅವರ ಶಿಕಾಗೋ ತಂಡವು ಲಾಸ್ ಏಂಜಲೀಸ್‌ನಲ್ಲಿ ಗೆದ್ದ ನಂತರ ಕ್ಯಾಲಿಫೋರ್ನಿಯಾ ಈ ತೆರಿಗೆಯನ್ನು ಕೇಳಿತು. ಪ್ರತಿಯಾಗಿ ಇಲಿನಾಯ್ ರಾಜ್ಯವೂ ಅಂಥದೇ ಕಾನೂನು ಮಾಡಿತು.

ವರ್ಷದ ವಹಿವಾಟು ಐದು ಕೋಟಿಯೆಂದ ಮಾತ್ರಕ್ಕೆ ವರ್ತಕನ ಕೈಯಲ್ಲಿ ಐದು ಕೋಟಿ ಇದೆಯೆಂದು ನಾವು ಯಾರೂ ತಿಳಿಯುವುದಿಲ್ಲ. ಆಟಗಾರನ ವಿಷಯದಲ್ಲಿ ಮಾತ್ರ ಆ ವಿವೇಚನೆಯನ್ನು ಬದಿಗಿಡುತ್ತೇವೆ. ಮೇಲಾಗಿ ವರ್ತಕನು ಎಪ್ಪತ್ತರವರೆಗೂ ಗಲ್ಲೆಯ ಮೇಲೆ ಕೂರಬಲ್ಲ. ಆಟಗಾರನ ಗಳಿಕೆಯ ಕಾಲ ಸಾಮಾನ್ಯವಾಗಿ ಮೂವತ್ತೈದರ ಸುಮಾರಿಗೆ ಮುಗಿದಿರುತ್ತದೆ.

ಚಿತ್ರದಲ್ಲೇ ಇಲ್ಲದವರು

ಕರ್ನಾಟಕದ ಬಾಸ್ಕೆಟ್‌ಬಾಲ್ ಆಟಗಾರರ ಅಂಕಣದ ಹೊರಗಿನ ಬದುಕು ಮೇಲಿನ ಎರಡೂ ಕಥೆಗಳಿಗೆ ಸೇರದು. ಇಲ್ಲಿ ಅದು ಬಹುಕಾಲ ಬ್ಯಾಂಕಿನ ಮೇಜು, ರೈಲ್ವೆಯ ಕಛೇರಿ, ತಿಂಗಳ ಸಂಬಳ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಬಾಸ್ಕೆಟ್‌ಬಾಲ್ ತಂಡವನ್ನು ಪೋಷಿಸಿತ್ತು. ಬೇರೆ ಕ್ರೀಡೆಗಳಲ್ಲೂ ಇದೇ ಕ್ರಮವಿತ್ತು. ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ ಜನಿಸಿದ ಜಿ. ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕಿನಲ್ಲಿಯೂ, ಪ್ರಕಾಶ್ ಪಡುಕೋಣೆ ಯೂನಿಯನ್ ಬ್ಯಾಂಕಿನಲ್ಲಿಯೂ ನೌಕರಿ ಹೊಂದಿದ್ದರು. ಆಟ ನಿಂತರೂ ಅನ್ನ ನಿಲ್ಲದ ವ್ಯವಸ್ಥೆ ಅದು. 2017ರಿಂದ 2020ರೊಳಗೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ, ಸಿಂಡಿಕೇಟ್ ಹಾಗೂ ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಗ್ರಾಹಕರ ತೊಂದರೆಗಳ ಬಗ್ಗೆ ಪತ್ರಿಕೆಗಳು ಬರೆದವು. ಆಟಗಾರರಿಗೆ ಆಶ್ರಯ ನೀಡಬಲ್ಲ ಕರ್ನಾಟಕದ ಸಂಸ್ಥೆಗಳ ಹೆಸರುಗಳು ಒಂದೊಂದಾಗಿ ಕಡಿಮೆಯಾದ ಸಂಗತಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಅತ್ತ ವೃತ್ತಿಪರ ಲೀಗ್‌ಗಳು ಆ ಜಾಗವನ್ನು ಭದ್ರವಾಗಿ ತುಂಬಿಲ್ಲ. ಬೆಂಗಳೂರಿನ ತಂಡವೂ ಇದ್ದ ಯುಬಿಎ ಲೀಗ್ 2015ರಲ್ಲಿ ಆರಂಭವಾಗಿ 2017ರ ನಂತರ ನಿಂತಿತು. ಐಎನ್‌ಬಿಎಲ್ ಎಂಬ ಇನ್ನೊಂದು ಲೀಗ್ ತಂಡಗಳ ರೂಪದಲ್ಲಿ ಅಂಕಣಕ್ಕೆ ಇಳಿದದ್ದು ಅದಾಗಿ ಕೆಲವು ವರ್ಷಗಳ ನಂತರ.

ಪಂಜಾಬಿನ ಬಲ್ಲೋಕೆ ಗ್ರಾಮದ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್ ತಂಡಕ್ಕೆ 52ನೆಯವನಾಗಿ ಆಯ್ಕೆಯಾದಾಗ, ಎನ್‌ಬಿಎ ಆಯ್ಕೆಪಟ್ಟಿ ಸೇರಿದ ಮೊದಲ ಭಾರತೀಯನೆಂದು ಮಾಧ್ಯಮಗಳು ಕೊಂಡಾಡಿದವು. ಆತನ ಎತ್ತರ, ರೈತ ತಂದೆ, ಹಳ್ಳಿಯ ಮನೆ ಎಲ್ಲವೂ ಸುದ್ದಿಯಾದವು. 2016ರಲ್ಲಿ ಸಾಕ್ಷ್ಯಚಿತ್ರವೂ ಬಂತು. ಎನ್‌ಬಿಎಯಲ್ಲಿ ಆತ ಒಂದು ಪಂದ್ಯವನ್ನೂ ಆಡಲಿಲ್ಲ. ಉದ್ದೀಪನ ಮದ್ದಿನ ಪ್ರಕರಣದಲ್ಲಿ 2020ರಲ್ಲಿ ಎರಡು ವರ್ಷಗಳ ನಿಷೇಧಕ್ಕೆ ಒಳಗಾಗಿ, 2021ರಲ್ಲಿ ಅಮೆರಿಕದ ವೃತ್ತಿಪರ ಕುಸ್ತಿಯ ಸಂಸ್ಥೆಯೊಂದನ್ನು ಸೇರಿದ. ಏರುವಾಗ ಇದ್ದ ಕ್ಯಾಮೆರಾಗಳು ನಡುವಿನ ಕಷ್ಟದ ವರ್ಷಗಳಲ್ಲಿ ವಿರಳವಾಗಿದ್ದವು.

ಘಟ್ಟದ ಕೆಳಗಿನ ಉದಾಹರಣೆ ಇನ್ನೂ ಹತ್ತಿರದ್ದು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡು ಎಂದರು. ಮರುಕ್ಷಣವೇ ಉಸೇನ್ ಬೋಲ್ಟ್‌ನೊಂದಿಗೆ ಹೋಲಿಕೆ! ಕೇಂದ್ರ ಕ್ರೀಡಾ ಸಚಿವರು ಪರೀಕ್ಷಾರ್ಥ ಓಟಕ್ಕೆ ಆಹ್ವಾನಿಸಿದರು. ರಾಜ್ಯ ಸರ್ಕಾರ 3 ಲಕ್ಷ ರೂಪಾಯಿ ನೀಡಿತು. ಕೋಣಗಳ ಎಳೆತದೊಡನೆ ಕೆಸರಿನಲ್ಲಿ ಓಡುವುದಕ್ಕೂ ಒಣ ಪಥದ ಓಟಕ್ಕೂ ವ್ಯತ್ಯಾಸವಿದೆಯೆಂದು ನೆಮ್ಮದಿಯಾಗಿ ಹೇಳಿ ಆಹ್ವಾನವನ್ನು ನಿರಾಕರಿಸಿದವರು ಸ್ವತಃ ಗೌಡರೇ. ಅವರ ಹೊಟ್ಟೆಪಾಡು ಕಟ್ಟಡ ಕೆಲಸವಾಗಿತ್ತು. ಅದು ಆಶ್ಚರ್ಯದ ಸಂಗತಿಯಾಗಿ ವರದಿಯಾಯಿತೇ ಹೊರತು, ಇಂಥ ಓಟಗಾರನ ವರ್ಷದ ಉಳಿದ ತಿಂಗಳುಗಳ ಆದಾಯವೇನು, ಗಾಯವಾದರೆ ಗತಿಯೇನು ಎಂಬ ಪ್ರಶ್ನೆಯಾಗಲಿಲ್ಲ.

ಮುಖವನ್ನು ಬಾಡಿಗೆಗೆ ಪಡೆಯುವ ಮುನ್ನ

ಮಾಧ್ಯಮ ಕಟ್ಟಿದ ವ್ಯಕ್ತಿತ್ವವು ಮಾರುಕಟ್ಟೆಯಲ್ಲಿ ಸ್ವತಃ ಸರಕು. ರಾಹುಲ್ ದ್ರಾವಿಡ್ ಅವರನ್ನು ದಶಕಗಳ ಕಾಲ ಸಜ್ಜನಿಕೆಯ ಪ್ರತಿಮೆಯಾಗಿ ಚಿತ್ರಿಸಲಾಯಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟನ್ನು ವಿನಯದಿಂದ ನಿರಾಕರಿಸಿ ಅವರು ಆ ಚಿತ್ರಕ್ಕೆ ಪುಷ್ಟಿ ನೀಡಿದರು. 2021ರಲ್ಲಿ ಜಾಹೀರಾತೊಂದು ಅದೇ ದ್ರಾವಿಡ್‌ರನ್ನು ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಕೂಗಾಡುವ ಇಂದಿರಾನಗರದ ಗೂಂಡಾ ಎಂದು ತೋರಿಸಿ ದೇಶವನ್ನೇ ನಗಿಸಿತು. ಆ ನಗುವಿಗೆ ಬಂಡವಾಳ ಅವರ ದಶಕಗಳ ನಡತೆ.

ಬಂಡವಾಳ ಕರಗುವುದೂ ಉಂಟು. 2019ರ ಜನವರಿಯಲ್ಲಿ ದೂರದರ್ಶನದ ಹರಟೆ ಕಾರ್ಯಕ್ರಮದಲ್ಲಿ ಆಡಿದ ಮಾತುಗಳಿಗಾಗಿ ಹಾರ್ದಿಕ್ ಪಾಂಡ್ಯ ಮತ್ತು ಕೆ. ಎಲ್. ರಾಹುಲ್ ತಾತ್ಕಾಲಿಕವಾಗಿ ಅಮಾನತುಗೊಂಡರು. ನಂತರ ತಲಾ 20 ಲಕ್ಷ ರೂಪಾಯಿ ದಂಡ ತೆತ್ತರು. ಪಾಂಡ್ಯರೊಂದಿಗಿನ ಒಪ್ಪಂದವನ್ನು ಕ್ಷೌರ ಸಾಮಗ್ರಿಯ ಪ್ರಸಿದ್ಧ ಕಂಪನಿಯೊಂದು ಅಮಾನತಿನಲ್ಲಿಟ್ಟಿತು. ಇತ್ತೀಚಿನ ದಿನಗಳಲ್ಲಿ ಆಟಗಾರರು ತಮ್ಮ ಚಿತ್ರವನ್ನು ತಾವೇ ನಿರ್ಮಿಸುವುದೂ ಇದೆ. 2020ರಲ್ಲಿ ಪ್ರಸಾರವಾದ ಜೋರ್ಡನ್ ಕುರಿತ ಪ್ರಸಿದ್ಧ ಸಾಕ್ಷ್ಯಚಿತ್ರದ ನಿರ್ಮಾಣದಲ್ಲಿ ಅವರದೇ ಸಂಸ್ಥೆಯ ಪಾಲಿತ್ತು. ತನ್ನ ಲೆಕ್ಕವನ್ನು ತಾನೇ ತಪಾಸಣೆ ಮಾಡಿದಂತೆ ಇದು. ಓದಬಹುದು, ಆದರೆ ಪ್ರಮಾಣಪತ್ರವೆಂದು ಸ್ವೀಕರಿಸಲಾಗದು.

ಹಾಗಾದರೆ ನಮ್ಮಂತಹ ಸಣ್ಣ ಊರುಗಳ ವರ್ತಕರು ಮತ್ತು ಉದ್ದಿಮೆದಾರರು ಏನು ಮಾಡಬೇಕು?

ಮೊದಲನೆಯದಾಗಿ, ಜಾಹೀರಾತಿನಲ್ಲಿ ಆಟಗಾರನಿರಲಿ, ಊರಿನ ಕಬಡ್ಡಿ ನಾಯಕನಿರಲಿ, ಲಿಖಿತ ಒಪ್ಪಂದವಿರಬೇಕು. ಅವಧಿ, ಚಿತ್ರ ಬಳಸುವ ಹಕ್ಕು, ಅಪಕೀರ್ತಿಯಾದರೆ ಒಪ್ಪಂದದಿಂದ ಹೊರಬರುವ ಷರತ್ತು ಇವು ಅದರಲ್ಲಿರಲಿ. ಅನುಮತಿಯಿಲ್ಲದೆ ಪ್ರಖ್ಯಾತರ ಮುಖವನ್ನು ಬ್ಯಾನರಿಗೆ ಹಾಕುವ ಅಭ್ಯಾಸವನ್ನು ಕೈಬಿಡುವುದು ಕ್ಷೇಮ.

ಎರಡನೆಯದಾಗಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕನಿಗೂ, ಅದನ್ನು ಅನುಮೋದಿಸಿದ ವ್ಯಕ್ತಿಗೂ 10 ಲಕ್ಷ ರೂಪಾಯಿವರೆಗೆ, ಪುನರಾವರ್ತನೆಯಾದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಯುಕ್ತ ಪರಿಶೀಲನೆ ಮಾಡಿದ ಆಟಗಾರ ಪಾರಾಗಬಹುದು. ಸುಳ್ಳು ಹೇಳಿಸಿದ ತಯಾರಕನಿಗೆ ಆ ದಾರಿಯಿಲ್ಲ.

ಮೂರನೆಯದಾಗಿ, ಪಂದ್ಯಾವಳಿಗೆ ಕೊಟ್ಟ ಹಣ ಪ್ರಚಾರಕ್ಕಾಗಿಯೋ, ಕೇವಲ ದೇಣಿಗೆಯೋ ಎಂಬುದು ಕಾಗದದಲ್ಲಿ ಸ್ಪಷ್ಟವಾಗಿರಲಿ. ವ್ಯಾಪಾರದ ಉದ್ದೇಶಕ್ಕಾಗಿಯೇ ಆದ ವೆಚ್ಚವೆಂದು ತೋರಿಸಲು ಪತ್ರ, ರಸೀದಿ, ಬ್ಯಾನರಿನ ಛಾಯಾಚಿತ್ರ ಕಡತದಲ್ಲಿರಬೇಕು.

ನಾಲ್ಕನೆಯದು ಕಾನೂನಿನದ್ದಲ್ಲ, ಮನಸ್ಸಿನದು. ಬಹುಮಾನದ ಮೊತ್ತವನ್ನು ಏರಿಸುತ್ತಾ ಹೋಗುವ ಬದಲು ಅದರಲ್ಲೊಂದು ಪಾಲನ್ನು ಆಟಗಾರರ ಅಪಘಾತ ವಿಮೆಗೆ ಮೀಸಲಿಡಬೇಕೆಂದು ಪ್ರಾಯೋಜಕರು ಸಂಘಟಕರನ್ನು ಕೇಳಬಹುದು. ಬ್ಯಾಂಕುಗಳು ಹಿಂದೆ ಮಾಡಿದಂತೆ ದೊಡ್ಡ ತಂಡವನ್ನು ಸಾಕುವ ಶಕ್ತಿ ನಮಗಿಲ್ಲ. ಆದರೆ ಚೆನ್ನಾಗಿ ಆಡುವ ಹುಡುಗನೊಬ್ಬನಿಗೆ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಕೆಲಸ ಕೊಟ್ಟು, ಅಭ್ಯಾಸಕ್ಕೆ ಸಂಜೆ ಎರಡು ಗಂಟೆ ಬಿಡುವು ನೀಡುವ ಶಕ್ತಿ ಹಲವರಿಗಿದೆ.

ಅಂಥ ನೆರವು ಸುದ್ದಿಯಾಗದೆ ಇರಬಹುದು. ಪಂದ್ಯ ಮುಗಿದು ದೀಪಗಳು ಆರಿದ ಮೇಲೆ, ಬೆಳಗಿನ ಜಾವ ಗಾಯದ ಕಾಲಿನಲ್ಲಿ ಬೈಕ್ ಹತ್ತಿ ಮನೆಗೆ ಹೊರಡುವ ಆಟಗಾರನ ಬದುಕೂ ಅಂಕಣದ ಹೊರಗಿನ ಬದುಕೇ. ಅದನ್ನು ತೋರಿಸಲು ಯಾವ ಕ್ಯಾಮೆರಾವೂ ಬರುವುದಿಲ್ಲ. ಬ್ಯಾನರಿನ ಕೆಳಭಾಗದಲ್ಲಿ ಹೆಸರು ಬರೆಸಿಕೊಂಡ ನಮಗಾದರೂ ಅದು ಕಾಣಬೇಕು.