ಬಾನೂರಿನ ಖಾತೆ ಯಾರ ಹೆಸರಿಗೆ?

1969. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ. ಆದರೆ ವಿಯೆಟ್ನಾಂ ಯುದ್ಧದಿಂದ ರೋಸಿಹೋಗಿದ್ದ ಅಮೆರಿಕದ ಎಷ್ಟೋ ವಿದ್ಯಾರ್ಥಿಗಳಿಗೆ ತಂತ್ರಜ್ಞಾನವೆಂದರೆ ಬಾಂಬು, ಹೊಗೆ ಅಷ್ಟೇ ಆಗಿತ್ತು. ಪ್ರಿನ್ಸ್‌ಟನ್‌ನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಜೆರಾರ್ಡ್ ಓನೀಲ್ ಮೊದಲ ವರ್ಷದ ಕೆಲವರನ್ನು ಕೂರಿಸಿಕೊಂಡು ಕೇಳಿದರು: ಬೆಳೆಯುತ್ತಲೇ ಹೋಗುವ ಕೈಗಾರಿಕಾ ಸಮಾಜಕ್ಕೆ ಗ್ರಹದ ಮೇಲ್ಮೈಯೇ ತಕ್ಕ ಜಾಗವೇ? ಲೆಕ್ಕ ಹಾಕುತ್ತ ಹೋದಂತೆ ‘ಅಲ್ಲ, ಬಾಹ್ಯಾಕಾಶವೇ ತಕ್ಕದ್ದು’ ಎಂಬ ಉತ್ತರ ಬಂತು.

ಚಂದ್ರನ ಗುರುತ್ವ ಭೂಮಿಯದರ ಆರನೇ ಒಂದು ಪಾಲು. ಹಾಗಾಗಿ ಅಲ್ಲಿನ ಮಣ್ಣನ್ನು ಮೇಲೆತ್ತುವುದು ಸುಲಭ. ಅದರಲ್ಲಿ ಅಲ್ಯೂಮಿನಿಯಂ, ಗಾಜಿಗೆ ಬೇಕಾದ ಸಿಲಿಕಾನ್, ಆಮ್ಲಜನಕ ಎಲ್ಲ ಇವೆ. ಅದರಿಂದ ಬಾನಿನಲ್ಲಿ ಬೃಹತ್ ಸಿಲಿಂಡರ್ ಕಟ್ಟಿ ತಿರುಗಿಸಿದರೆ, ಆ ರಭಸ ಒಳಗಿನವರನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಗೋಡೆಯೇ ಅವರಿಗೆ ನೆಲ. ಕನ್ನಡಿಗಳು ಬಿಸಿಲು ತರುತ್ತವೆ. ನೆಲ ಬೇಕಾದಷ್ಟು ಸಿಕ್ಕರೆ ನೆಲಕ್ಕಾಗಿ ನಡೆಯುವ ಯುದ್ಧಗಳೂ ತಗ್ಗಬಹುದೆಂದು ಓನೀಲ್ ಮನಸಾರೆ ನಂಬಿದ್ದರು.

ಈ ಯೋಚನೆಯ ಬಗ್ಗೆ ಅವರು ಬರೆದ ಲೇಖನವನ್ನು ಹಲವು ವರ್ಷ ಯಾರೂ ಅಚ್ಚು ಹಾಕಲಿಲ್ಲ. ಅಷ್ಟರಲ್ಲಿ ಬೆಳವಣಿಗೆಗೆ ಮಿತಿಯಿದೆಯೆಂಬ 1972ರ ವರದಿ ಬಂತು, ಮರುವರ್ಷ ತೈಲ ಬಿಕ್ಕಟ್ಟು. ಕೊರತೆಯ ಭಯ ಮನೆಮನೆಗೂ ತಟ್ಟಿದ ಮೇಲೆ, 1974ರ ಸೆಪ್ಟೆಂಬರ್‌ನಲ್ಲಿ ‘ಫಿಸಿಕ್ಸ್ ಟುಡೇ’ ಅದನ್ನು ಪ್ರಕಟಿಸಿತು. 1975ರ ಬೇಸಿಗೆಯಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿ ಸೇರಿದ ತಜ್ಞರು 10,000 ಜನರಿಗಾಗಿ 1.8 ಕಿ.ಮೀ. ಅಗಲದ, ನಿಮಿಷಕ್ಕೊಂದು ಸುತ್ತು ತಿರುಗುವ ಬಳೆಯಾಕಾರದ ಊರಿನ ನಕ್ಷೆ ಹಾಕಿದರು. ಅದೇ ವರ್ಷ ಉತ್ಸಾಹಿಗಳ ‘ಎಲ್‌5 ಸೊಸೈಟಿ’ ಹುಟ್ಟಿತು. ಲೂಯಿಸ್ ಮಮ್‌ಫರ್ಡ್, ವೆಂಡೆಲ್ ಬೆರಿಯಂಥ ಚಿಂತಕರು ಕಟುವಾಗಿ ವಿರೋಧಿಸಿದರು.

ನನ್ನ ದೃಷ್ಟಿಯಲ್ಲಿ ಈ ಕನಸಿನ ದಿಕ್ಕು ಬದಲಾದದ್ದು 1979ರಲ್ಲಿ. ಚಂದ್ರನ ಸಂಪತ್ತು ಇಡೀ ಮನುಕುಲದ್ದು ಎನ್ನುವ ವಿಶ್ವಸಂಸ್ಥೆಯ ಒಪ್ಪಂದ ಬಂದಾಗ, ಅಮೆರಿಕ ಅದಕ್ಕೆ ಸೇರದಂತೆ ಎಲ್‌5 ಸೊಸೈಟಿಯೇ ಪಟ್ಟು ಹಿಡಿದು ಹೋರಾಡಿತು. ಅಮೆರಿಕ ಸೇರಲಿಲ್ಲ. ಕೊರತೆ ನೀಗಲೆಂದು ಹುಟ್ಟಿದ ಯೋಚನೆ ಒಡೆತನದ ಪರ ನಿಂತದ್ದು ನನಗೆ ನೋವಿನ ಸಂಗತಿ. 2015ರಲ್ಲಿ ಅಮೆರಿಕದ ಕಾನೂನೇ ಬಾಹ್ಯಾಕಾಶದಲ್ಲಿ ತೆಗೆದ ಸಂಪತ್ತನ್ನು ತೆಗೆದವರ ಸ್ವತ್ತಾಗಿಸಿತು. ಓನೀಲರ ಸಿಲಿಂಡರ್‌ಗಳ ಚಿತ್ರವನ್ನು 2019ರಲ್ಲಿ ಮತ್ತೆ ಜಗತ್ತಿನ ಮುಂದಿಟ್ಟವರು, ಪ್ರಿನ್ಸ್‌ಟನ್‌ನಲ್ಲೇ ಓದಿದ ಕೋಟ್ಯಧಿಪತಿ ಜೆಫ್ ಬೆಜೋಸ್.

ಭಾರತ 1982ರಲ್ಲಿ ಚಂದ್ರ ಒಪ್ಪಂದಕ್ಕೆ ಸಹಿ ಹಾಕಿತು, ಅನುಮೋದಿಸಲಿಲ್ಲ. 2023ರಲ್ಲಿ, ಬಾಹ್ಯಾಕಾಶದ ಸಂಪತ್ತು ತೆಗೆಯಲು ಅಡ್ಡಿಯಿಲ್ಲವೆನ್ನುವ, ಅಮೆರಿಕ ಮುಂದಾಳಾಗಿರುವ ಆರ್ಟೆಮಿಸ್ ಒಡಂಬಡಿಕೆಗೂ ಸಹಿ ಹಾಕಿತು. ಇಸ್ರೊ 2035ರ ಹೊತ್ತಿಗೆ ನಮ್ಮದೇ ನಿಲ್ದಾಣ ಕಟ್ಟಲು ಹೊರಟಿದೆ. ಈ ಎರಡು ಸಹಿಗಳಲ್ಲಿ ನಮ್ಮ ನಿಲುವು ಯಾವುದೆಂದು ಸಂಸತ್ತು ಅದಕ್ಕೂ ಮೊದಲೇ ಬಾಯಿಬಿಟ್ಟು ಹೇಳಬೇಕು.