ಇದ್ದ ಮನೆಯಲ್ಲೇ ಮುಪ್ಪು

ವಯಸ್ಸಾದ ಮೇಲೆ ಇದ್ದ ಮನೆ ಬಿಟ್ಟು ಕದಲಬಾರದೆಂಬ ಆಸೆಗೆ ಬಣ್ಣದ ಭೇದವಿಲ್ಲ. ಅಮೆರಿಕದ ವೃದ್ಧರಲ್ಲೂ ಬಹುಪಾಲು ಮಂದಿ ಬಯಸುವುದು ಅದನ್ನೇ. ಆದರೆ ಅದಕ್ಕೆ ಬೇಕಾದ ಸಿದ್ಧತೆ ಅಲ್ಲಿ ಜನಾಂಗದಿಂದ ಜನಾಂಗಕ್ಕೆ ಬೇರೆಯಾಗಿದೆ. ಇದು ಆಯಾ ಜನರ ಸ್ವಭಾವವೆನ್ನುವವರು ಅಲ್ಲಿನ ಕಾನೂನುಗಳ ಚರಿತ್ರೆಯನ್ನು ಒಮ್ಮೆ ನೋಡಬೇಕು.

1935ರ ಸಾಮಾಜಿಕ ಭದ್ರತಾ ಕಾಯಿದೆ ದುಡಿಯುವವರಿಗೆ ಮುಪ್ಪಿನ ಪಿಂಚಣಿ ಕೊಟ್ಟಿತು. ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಮಾತ್ರ ಹೊರಗಿಟ್ಟಿತು. ದಕ್ಷಿಣದ ಕಪ್ಪು ಜನರಲ್ಲಿ ಹೆಚ್ಚಿನವರ ಕಸುಬು ಇವೇ ಎರಡು! ಅವರು 1950 ಮತ್ತು 1954ರ ತಿದ್ದುಪಡಿಗಳವರೆಗೆ ಕಾಯಬೇಕಾಯಿತು. 1930ರ ದಶಕದಲ್ಲೇ ಸರ್ಕಾರದ ಗೃಹಸಾಲ ಸಂಸ್ಥೆ ನಗರಗಳ ನಕ್ಷೆ ತಯಾರಿಸಿ, ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಕೆಂಪೆಂದರೆ ಸಾಲ ಕೊಡುವುದು ಅಪಾಯ ಎಂದರ್ಥ. ವಸತಿಯಲ್ಲಿ ತಾರತಮ್ಯ ನಿಷಿದ್ಧವಾದದ್ದು 1968ರಲ್ಲಿ. ಈಗಲೂ ಬಿಳಿಯ ಕುಟುಂಬಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಸ್ವಂತ ಮನೆಯಲ್ಲಿದ್ದರೆ, ಕಪ್ಪು ಕುಟುಂಬಗಳಲ್ಲಿ ಆ ಭಾಗ್ಯ ಅರ್ಧಕ್ಕೂ ಇಲ್ಲ.

ಬಚ್ಚಲಿನ ಗೋಡೆಗೊಂದು ಹಿಡಿಕೆ ಹಾಕಿಸಲು ಬಾಡಿಗೆದಾರ ಮಾಲೀಕನನ್ನು ಕೇಳಬೇಕು. ವೃದ್ಧರಿಗಾಗಿ 1965ರಲ್ಲಿ ಬಂದ ಮೆಡಿಕೇರ್ ಆಸ್ಪತ್ರೆಯ ಖರ್ಚು ಭರಿಸುತ್ತದೆ. ವರ್ಷಗಟ್ಟಲೆ ಸ್ನಾನ ಮಾಡಿಸಿ ಉಣಿಸುವ ಆಳಿನ ಸಂಬಳವನ್ನಲ್ಲ. ಸ್ವಂತ ಮನೆಯಿದ್ದವರು ಅದರ ಮೇಲೆ ಸಾಲ ಎತ್ತಬಹುದು. ಉಳಿದವರಿಗೆ ಮಗಳೋ ಸೊಸೆಯೋ ಗತಿ. ಕಪ್ಪು, ಹಿಸ್ಪಾನಿಕ್ ಮತ್ತು ಏಷ್ಯಾ ಮೂಲದವರಲ್ಲಿ ಸುಮಾರು ನಾಲ್ವರಲ್ಲೊಬ್ಬರು ಹಲವು ತಲೆಮಾರು ಕೂಡಿರುವ ಮನೆಯಲ್ಲಿದ್ದಾರೆ. ಬಿಳಿಯರಲ್ಲಿ ಎಂಟು ಮಂದಿಗೊಬ್ಬರು. ನಮ್ಮವರು ಇದನ್ನು ಕುಟುಂಬಪ್ರೇಮವೆಂದು ಮೆಚ್ಚಿಯಾರು. ಆದರೆ ಆ ಮಗಳ ನೌಕರಿ, ಬೆನ್ನು ಎರಡೂ ಅದರಲ್ಲಿ ಸವೆಯುತ್ತವೆ.

ಮಕ್ಕಳೇ ಇಲ್ಲದವರ ಕಥೆ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್‌ನಲ್ಲಿ ಸಿಗುತ್ತದೆ. 1882ರಿಂದ 1943ರವರೆಗೆ ಚೀನೀ ಕಾರ್ಮಿಕರ ವಲಸೆಗೆ ನಿಷೇಧವಿತ್ತು. ಹೆಂಡತಿಯನ್ನು ಕರೆಸಿಕೊಳ್ಳಲಾಗದ ಅನೇಕರು ಒಂಟಿ ಕೋಣೆಗಳಲ್ಲೇ ಮುದುಕರಾದರು. ದಂತವೈದ್ಯ ವಿಲಿಯಂ ಗೀ, ಸಮಾಜಸೇವಕಿ ಮೇರಿ ಲೂಯಿಸ್ ಆನ್ಸಾಕ್ ಮುಂತಾದವರು 1971ರಲ್ಲಿ ಅಲ್ಲಿ 'ಆನ್ ಲಾಕ್' ಸ್ಥಾಪಿಸಿದರು. ಕ್ಯಾಂಟನೀಸ್ ಭಾಷೆಯಲ್ಲಿ ಹಾಗೆಂದರೆ ಶಾಂತಿ, ಸಂತೋಷ. 1973ರಲ್ಲಿ ಹಗಲು ಕೇಂದ್ರ ತೆರೆಯಿತು. ವೃದ್ಧರು ಹಗಲಲ್ಲಿ ಬಂದು ವೈದ್ಯರನ್ನು ಕಂಡು, ಒಟ್ಟಿಗೆ ಉಂಡು, ರಾತ್ರಿ ತಮ್ಮ ಕೋಣೆಗೇ ಮರಳುವ ಏರ್ಪಾಡು. 1997ರ ಕಾನೂನು ಈ ಮಾದರಿಗೆ ಮೆಡಿಕೇರ್‌ನಲ್ಲಿ ಕಾಯಂ ಸ್ಥಾನ ಕೊಟ್ಟಿತು. ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ, ಎಲ್ಲ ಬಣ್ಣದವರಿಗೂ, ಅದು ನಡೆಯುತ್ತಿದೆ.